ಮಂಗನ ಕಾಯಿಲೆ: ಮಂಗ ಸತ್ತ ಮೇಲೆ ಓಡಾಡುವುದಾ, ಮಳೆಗಾಲದಲ್ಲೇ ಕೆಲಸ ಶುರು ಮಾಡುವುದಾ?

ಸೊಪ್ಪಿನಬೆಟ್ಟ:
ಪ್ರತಿ ವರ್ಷ ಇದೇ ಹಾಡು. ಜನವರಿಯಲ್ಲಿ ಮಂಗ ಸಾಯುತ್ತದೆ, ಪೇಪರಿನಲ್ಲಿ ಬರುತ್ತದೆ, ಎಣ್ಣೆ ಬಾಟಲಿ ಹಂಚುತ್ತಾರೆ, ಜೂನ್ ಮಳೆ ಬಿದ್ದ ಕೂಡಲೇ ಊರೂ ಮರೆಯುತ್ತದೆ, ಇಲಾಖೆಯೂ ಮರೆಯುತ್ತದೆ. ಹಳೇ ಲಸಿಕೆ ನಿಂತುಹೋಗಿದೆ, ಹೊಸದು ಕೈಗೆ ಬಂದಿಲ್ಲ. ಅಡಿಕೆ ತೋಟ ಇಟ್ಟುಕೊಂಡವರು ಬೆಟ್ಟಕ್ಕೆ ಹೋಗದೆ ಇರುವುದಕ್ಕಾಗುವುದಿಲ್ಲ. ಮುಂದಿನ ಸೀಸನ್ನಿಗೆ ಈಗಿನಿಂದಲೇ ಮಾಡಬಹುದಾದ ಕೆಲಸ ಏನಿದೆ? "ಜಾಗೃತೆಯಿಂದಿರಿ" ಅನ್ನುವ ಉತ್ತರ ಬೇಡ. ಯಾವ ತಿಂಗಳು, ಯಾವ ಔಷಧಿ, ಎಷ್ಟು, ಅದನ್ನು ಹೇಳಿ. ವಿಷಯ ಗೊತ್ತಿದ್ದವರು ಇಲ್ಲಿ ಸುಮಾರು ಜನ ಇದ್ದೀರಿ.

ಪಶ್ಚಿಮಘಟ್ಟ:
ತಿಂಗಳ ಲೆಕ್ಕ ಬೇಕಾದರೆ ಮಂಗವನ್ನು ಬಿಟ್ಟು ಉಣುಗಿನ ಕ್ಯಾಲೆಂಡರ್ ನೋಡಬೇಕು. ಮಂಗನಿಗೂ ಮನುಷ್ಯನಿಗೂ ಕಚ್ಚಿ ಈ ಜ್ವರದ ವೈರಸ್ ಹತ್ತಿಸುವ ಮುಖ್ಯ ಆರೋಪಿ ಹಿಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಕಾಡು ಉಣುಗು. ಅದರ ಬದುಕು ಮೂರು ಹಂತ, ಹಂತಕ್ಕೊಂದು ಊಟ.

ದೊಡ್ಡ ಉಣುಗು ಮಳೆ ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್-ಸೆಪ್ಟೆಂಬರ್ ತನಕ, ದನ-ಎಮ್ಮೆ, ಕಡವೆ, ಕಾಡುಕೋಣದಂಥ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ. ರಕ್ತ ಕುಡಿದು ಊದಿದ ಹೆಣ್ಣು ನೆಲಕ್ಕೆ ಬಿದ್ದು ದರಗಿನ (ಉದುರಿದ ಒಣ ಎಲೆಯ) ಅಡಿಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ಆಚೀಚೆ, ಆರು ಕಾಲಿನ ಮರಿಗಳು ಹೊರಬರುತ್ತವೆ. ಧೂಳಿನ ಕಣದಷ್ಟೇ ಇರುತ್ತವೆ. ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗ ಇವುಗಳ ಮೇಲೆ ಊಟ ಮುಗಿಸಿ ಪೊರೆ ಬಿಟ್ಟರೆ ಎಂಟು ಕಾಲಿನ ನಿಂಫ್ ಆಗುತ್ತದೆ. ನವೆಂಬರ್‌ನಿಂದ ಮೇ ತನಕ ಮನುಷ್ಯರನ್ನು ಕಚ್ಚುವುದು ಈ ನಿಂಫ್. ಎಳ್ಳಿಗಿಂತ ಸಣ್ಣದು, ಕಚ್ಚಿದ್ದೇ ಗೊತ್ತಾಗುವುದಿಲ್ಲ.

ಮರಿ ಹಂತದಲ್ಲಿ ವೈರಸ್ ಹತ್ತಿಸಿಕೊಂಡರೆ ಪೊರೆ ಬಿಟ್ಟರೂ ವೈರಸ್ ಒಳಗೇ ಉಳಿಯುತ್ತದೆ. ಹಾಗಾಗಿ ಜನವರಿಯ ನಿಂಫ್ ಅಂದರೆ ಹಿಂದಿನ ಆಗಸ್ಟಿನಲ್ಲಿ ಯಾವುದೋ ದನದ ಮೈಮೇಲೆ ಹೊಟ್ಟೆ ತುಂಬಿಸಿಕೊಂಡ ಉಣುಗಿನ ಸಂತಾನ. ಜನವರಿಯಲ್ಲಿ ಮಾಡುವುದೆಲ್ಲ ಬೆಂಕಿ ಬಿದ್ದ ಮೇಲಿನ ಬಾವಿ.

ಕಾರವಾರ_ಗಡಿ:
ಅಂದರೆ ದನವೇ ರೋಗ ತರುತ್ತದೆ ಅಂತಲೋ? ಕೊಟ್ಟಿಗೆ ಖಾಲಿ ಮಾಡಿ ಅಂತ ನಾಳೆ ಯಾರಾದರೂ ಹೇಳಿಬಿಟ್ಟಾರು.

ಕೊಟ್ಟಿಗೆ_ಡಾಕ್ಟರ್:
ಅಲ್ಲ ಮಾರಾಯ್ರೆ, ಇದೊಂದು ತಪ್ಪು ಮೊದಲು ಸರಿಯಾಗಲಿ. ದನಕ್ಕೆ ಕಾಯಿಲೆ ಬರುವುದಿಲ್ಲ. ಉಣುಗಿಗೆ ಹತ್ತಿಸುವಷ್ಟು ವೈರಸ್ ಅದರ ರಕ್ತದಲ್ಲಿ ಏರುವುದೂ ಇಲ್ಲ. ದನ ಉಣುಗಿನ ಸಂಖ್ಯೆ ಹೆಚ್ಚಿಸುತ್ತದೆ, ವೈರಸ್ಸಿನ ಸಂಖ್ಯೆ ಹೆಚ್ಚಿಸುವುದಿಲ್ಲ. ವೈರಸ್ ಹೆಚ್ಚುವುದು ಇಲಿ-ಮೂಗಿಲಿಗಳಲ್ಲಿ, ಮಂಗಗಳಲ್ಲಿ. ಕಾಡಿನಂಚಿನಲ್ಲಿ ದನವೂ ಈ ಪ್ರಾಣಿಗಳೂ ಒಂದೇ ನೆಲ ತುಳಿಯುತ್ತವೆ ಅನ್ನುವುದೇ ತೊಂದರೆ.

ಸೊಪ್ಪಿನಬೆಟ್ಟದವರು ಪ್ರಮಾಣ ಕೇಳಿದ್ದಾರೆ. ಬರೆಯುತ್ತೇನೆ, ಆದರೆ ನಿಮ್ಮ ಪಶು ಆಸ್ಪತ್ರೆಯಲ್ಲಿ ದನ ತೋರಿಸಿಯೇ ಶುರು ಮಾಡಿ.

ಉಣುಗು ಕೊಲ್ಲಲು ದನದ ಮೈಗೆ ಹೊಡೆಯುವ ಡೆಲ್ಟಾಮೆಥ್ರಿನ್ (ಲೀಟರಿಗೆ 12.5 ಗ್ರಾಂ ಇರುವ ದ್ರಾವಣ): 1 ಲೀಟರ್ ನೀರಿಗೆ 2 ಮಿಲಿ. ದೊಡ್ಡ ದನಕ್ಕೆ 2ರಿಂದ 3 ಲೀಟರ್ ಬೇಕು. ಹೆಚ್ಚಿನವರು ಅರ್ಧ ಲೀಟರಿನಲ್ಲಿ ಬೆನ್ನು ಒದ್ದೆ ಮಾಡಿ ಮುಗಿಸುತ್ತಾರೆ. ಬೆನ್ನಿನ ಮೇಲೆ ಉಣುಗು ಇರುವುದೇ ಕಡಿಮೆ. ಕಿವಿಯ ಒಳಮಗ್ಗುಲು, ಗಂಗೆದೊಗಲು, ಕಂಕುಳು, ಕೆಚ್ಚಲ ಸುತ್ತ, ಬಾಲದ ಬುಡ, ಗೊರಸಿನ ಸಂದು ನೆನೆಯಬೇಕು. ಕಿವಿಯೊಳಗೆ ಸ್ಪ್ರೇ ಬೇಡ, ಬಟ್ಟೆ ಅದ್ದಿ ಒರೆಸಿ. ಮುಖಕ್ಕೂ ಹಾಗೆಯೇ. ಹಾಕುವ ಮುಂಚೆ ದನಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ, ಬಾಯಾರಿದ ದನ ಮೈ ನೆಕ್ಕುತ್ತದೆ.

ಈಗ ಮಲೆನಾಡಿನ ಅಸಲು ಸಮಸ್ಯೆ. ಮಾಡಬೇಕಾದದ್ದು ಜೂನ್-ಜುಲೈನಲ್ಲಿ, ಆಗ ಮಳೆ ಬಿಡುವುದಿಲ್ಲ. ಬೆಳಿಗ್ಗೆ ಹೊಡೆದು ಮೇಯಲು ಬಿಟ್ಟರೆ ಮಧ್ಯಾಹ್ನಕ್ಕೆ ಔಷಧಿಯೆಲ್ಲ ಹಳ್ಳ ಸೇರಿರುತ್ತದೆ, ಮೀನೂ ಸಾಯುತ್ತದೆ. ಹಾಗಾಗಿ ಸಂಜೆ ದನ ಒಳಗೆ ಬಂದ ಮೇಲೆ ಮೈ ಒರೆಸಿ, ಒಣಗಿದ ಮೇಲೆ ಹಾಕಿ, ರಾತ್ರಿ ಒಳಗೇ ಇರಲಿ. ಇನ್ನೊಂದು ದಾರಿ ಶೇಕಡಾ 1ರ ಫ್ಲೂಮೆಥ್ರಿನ್, ಬೆನ್ನಿನ ಮೇಲೆ ಸುರಿಯುವುದು. 10 ಕಿಲೋ ತೂಕಕ್ಕೆ 1 ಮಿಲಿ, ಅಂದರೆ 250 ಕಿಲೋ ದನಕ್ಕೆ 25 ಮಿಲಿ. ಹೆಗಲಿನಿಂದ ಬಾಲದ ಬುಡದ ತನಕ ಗೆರೆ ಎಳೆದ ಹಾಗೆ. ನಮ್ಮ ಸಣ್ಣ ತಳಿ ಮಲೆನಾಡು ಗಿಡ್ಡ ಆದರೆ ತೂಕ ಅದರ ಅರ್ಧವೂ ಇರಬಹುದು, ಜರ್ಸಿಯ ಲೆಕ್ಕ ಹಾಕಬೇಡಿ.

ಮಳೆಗೆ ಹೆದರದ್ದು ಐವರ್‌ಮೆಕ್ಟಿನ್ ಚುಚ್ಚುಮದ್ದು, ಶೇಕಡಾ 1ರದ್ದು 50 ಕಿಲೋಗೆ 1 ಮಿಲಿ, ಚರ್ಮದಡಿಗೆ. ಆದರೆ ಅದು ಹಾಲಿಗಿಳಿಯುತ್ತದೆ. ಕರೆಯುವ ಹಸುವಿಗೆ ಬೇಡ. ಗೊಡ್ಡು, ಹೋರಿ, ಕಡಸುಗಳಿಗೆ ಸರಿ, ಅದೂ ಡಾಕ್ಟರ್ ಕೈಯಿಂದ.

ಸೊಪ್ಪಿನಬೆಟ್ಟ:
ಸೀಸನ್ನಿಗೆ ಎಷ್ಟು ಸಲ ಡಾಕ್ಟ್ರೇ? ಮತ್ತೆ ನಾನೊಬ್ಬ ಮಾಡಿ, ಪಕ್ಕದ ಮನೆಯವರು ಮಾಡದಿದ್ದರೆ?

ಕೊಟ್ಟಿಗೆ_ಡಾಕ್ಟರ್:
ಎರಡು-ಮೂರು ವಾರಕ್ಕೊಮ್ಮೆ, ಮಳೆಗಾಲದಲ್ಲಿ ನಾಲ್ಕೈದು ಸಲ. ಒಬ್ಬರೇ ಮಾಡಿದರೆ ನಿಮ್ಮ ದನಕ್ಕೆ ನೆಮ್ಮದಿ, ಕಾಯಿಲೆಯ ಲೆಕ್ಕದಲ್ಲಿ ಸೊನ್ನೆ. ಒಂದೇ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಮೇಯುವ ಎಲ್ಲ ದನಕ್ಕೂ ಒಂದೇ ವಾರದಲ್ಲಿ ಆಗಬೇಕು. ಹಾಲಿನ ಡೇರಿ ಸಂಘದ ಮೂಲಕ ಆಗುವ ಕೆಲಸ ಇದು. ಬಿಡಾಡಿ ದನಗಳದ್ದೇ ತಲೆನೋವು, ಅವು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಇನ್ನೊಂದು: ಅಳತೆ ಕಡಿಮೆ ಮಾಡಿ ಪದೇಪದೇ ಹೊಡೆದರೆ ಉಣುಗು ಆ ಔಷಧಿಗೆ ಒಗ್ಗಿಕೊಳ್ಳುತ್ತದೆ. ಸಾಯದಿದ್ದರೆ ಡೋಸ್ ಏರಿಸಬೇಡಿ, ಔಷಧಿಯ ಗುಂಪನ್ನೇ ಬದಲಿಸಿ.

ಪಶ್ಚಿಮಘಟ್ಟ:
ಡಾಕ್ಟರ್ ಹೇಳಿದ್ದಕ್ಕೆ ಒಂದು ತಕರಾರು. ಕಡವೆ, ಕಾಡುಕೋಣ ಚೆನ್ನಾಗಿರುವ ಕಡೆ ದನಕ್ಕೆ ಔಷಧಿ ಹಾಕಿದ ಮಾತ್ರಕ್ಕೆ ಉಣುಗು ನಿಲ್ಲುವುದಿಲ್ಲ, ಅದಕ್ಕೆ ಬೇರೆ ಊಟ ಇದೆ. ದನವೇ ಮುಖ್ಯ ಆಹಾರವಾಗಿರುವ ಊರಂಚಿನ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಗೋಮಾಳ, ಬ್ಯಾಣಗಳಲ್ಲಿ ಫಲ ಸಿಗುವ ಸಾಧ್ಯತೆ ಹೆಚ್ಚು. ಜನ ಕಚ್ಚಿಸಿಕೊಳ್ಳುವುದೂ ಅಲ್ಲೇ ಅನ್ನುವುದು ಸಮಾಧಾನ.

ಕೊಟ್ಟಿಗೆ_ಡಾಕ್ಟರ್:
ಒಪ್ಪಿದೆ.

ಕಾರವಾರ_ಗಡಿ:
ಕ್ಯಾಸನೂರಿನ ಕಾಯಿಲೆ ನಮ್ಮ ಕಡೆ ಯಾಕೆ ಬಂತು ಅನ್ನುವುದು ಇನ್ನೂ ಹಲವರಿಗೆ ಅರ್ಥವಾಗಿಲ್ಲ. ಮುಂದೆ ಇನ್ನೆಲ್ಲಿಗೆ ಹೋಗಬಹುದು?

ಪಶ್ಚಿಮಘಟ್ಟ:
1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳು ಸತ್ತು ಬಿದ್ದಾಗ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದ ಆ ಕಾಯಿಲೆ ಭಾರತಕ್ಕೆ ಕಾಲಿಟ್ಟಿತೇ ಅಂತ ಗಾಬರಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಸಿಕ್ಕಿದ್ದು ಅದೇ ಫ್ಲೇವಿವೈರಸ್ ಕುಟುಂಬದ, ಆದರೆ ಉಣುಗಿನಿಂದ ಹರಡುವ ಹೊಸ ವೈರಸ್. ರಷ್ಯಾದ ಓಮ್ಸ್ಕ್ ಜ್ವರದ ವೈರಸ್ಸಿಗೆ ಇದು ನೆಂಟ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್ಖುರ್ಮಾ ವೈರಸ್ ಇನ್ನೂ ಹತ್ತಿರದ್ದು.

ದಶಕಗಟ್ಟಲೆ ಇದು ಶಿವಮೊಗ್ಗ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರಿನ ಕಾಯಿಲೆ ಅಂತಲೇ ಲೆಕ್ಕ. 2012ರಲ್ಲಿ ಬಂಡೀಪುರದ ಕಡೆ ಕಾಣಿಸಿತು, ಹಿಂದೆಯೇ ನೀಲಗಿರಿ, ವಯನಾಡು, 2015ಕ್ಕೆ ಗೋವಾ, 2016ಕ್ಕೆ ಸಿಂಧುದುರ್ಗ. 2018-19ರಲ್ಲಿ ಮತ್ತೆ ತವರಿಗೇ ಬಂದು ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹೊಡೆಯಿತು. ಉಣುಗು ತಾನಾಗಿ ಕೆಲವು ಮೀಟರ್ ದಾಟುವುದಿಲ್ಲ. ಅದನ್ನು ಸಾಗಿಸುವುದು ಮಂಗ, ಹಕ್ಕಿ, ದನ. ಕೆಲವು ಕಡೆ ಮೊದಲಿಂದಲೂ ಸದ್ದಿಲ್ಲದೆ ಇದ್ದು, ಪರೀಕ್ಷೆ ಶುರುವಾದ ಮೇಲೆ ಕಂಡಿರಬಹುದು ಅನ್ನುವುದನ್ನೂ ತಳ್ಳಿಹಾಕುವಂತಿಲ್ಲ.

ಮುಂದಿನದ್ದಕ್ಕೆ ನಕ್ಷೆ ನೋಡಿ: ದಟ್ಟ ಕಾಡನ್ನಲ್ಲ, ಕಾಡು ತುಂಡಾದ ಜಾಗವನ್ನು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದಲ್ಲೇ ದೊಡ್ಡ ಸ್ಫೋಟ ಆಯಿತು. ಕಾಡು, ತೋಟ, ಮನೆ, ಮತ್ತೆ ಕಾಡು ಅಂತ ಚೂರುಚೂರಾಗಿರುವ ಕಡೆ ಅಂಚಿನ ಉದ್ದ ಹೆಚ್ಚು. ಅಂಚು ಅಂದರೆ ಇಲಿ, ಕೆಂಪು ಮಂಗ, ದನ, ಮನುಷ್ಯ ನಾಲ್ಕೂ ಸೇರುವ ಸಂತೆ. ಹೊಸ ರಸ್ತೆ, ಹೊಸ ರೆಸಾರ್ಟ್, ಹೊಸ ತೋಟ ಎಲ್ಲವೂ ಆ ಅಂಚನ್ನು ಉದ್ದ ಮಾಡುತ್ತವೆ.

ಕೈಮುಗಿದು ಒಂದು ಮಾತು: ತೋಟ ಹಾಳು ಮಾಡುತ್ತವೆ ಅಂತ ಮಂಗ ಹಿಡಿಸಿ ಲಾರಿಯಲ್ಲಿ ಇನ್ನೊಂದು ಕಾಡಿಗೆ ಬಿಡಿಸಬೇಡಿ. ಮಂಗದ ಜೊತೆ ಅದರ ಮೈಮೇಲಿನ ಉಣುಗೂ, ರಕ್ತದ ವೈರಸ್ಸೂ ಟಿಕೆಟ್ಟಿಲ್ಲದೆ ಹೋಗುತ್ತವೆ.

ವಾರ್ಡ್_ರೌಂಡ್ಸ್:
ಜ್ವರ ಬಂದ ಮೇಲಿನ ಭಾಗ ನಾನು ಬರೆಯುತ್ತೇನೆ. ಕಚ್ಚಿದ 3ರಿಂದ 8 ದಿನಕ್ಕೆ ಜ್ವರ. ನಿಧಾನ ಏರುವುದಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಚಾಪೆ ಹಿಡಿಯುತ್ತಾರೆ. ಹಣೆಯ ಭಾಗದಲ್ಲಿ ವಿಪರೀತ ತಲೆನೋವು, ಸೊಂಟ-ಮೀನಖಂಡದ ನೋವು, ಕೆಂಗಣ್ಣು, ವಾಂತಿ-ಭೇದಿ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಪ್ಲೇಟ್‌ಲೆಟ್ ಜೊತೆ ಬಿಳಿರಕ್ತಕಣವೂ ಇಳಿಯುತ್ತದೆ, ಲಿವರ್ ಎನ್‌ಜೈಮ್ ಏರುತ್ತದೆ.

ಡೆಂಗಿಯದ್ದೂ ಹೀಗೇ ಅಲ್ಲವೇ ಅಂದರೆ ಹೌದು. ಅದಕ್ಕೇ ತಪ್ಪಾಗುವುದು. ಫೆಬ್ರವರಿಯ ಒಣ ಹವೆಯಲ್ಲಿ, ಕಾಡಿಗೆ ಹೋಗಿ ಬಂದವರಿಗೆ, ಪ್ಲೇಟ್‌ಲೆಟ್ ಕಡಿಮೆ ಇದ್ದು ಡೆಂಗಿಯ ಎನ್‌ಎಸ್1 ರಕ್ತಪರೀಕ್ಷೆ ನೆಗೆಟಿವ್ ಬಂದರೆ ಅಲ್ಲಿಗೆ ಬಿಡಬಾರದು. ಇಲಿಜ್ವರ, ಸ್ಕ್ರಬ್ ಟೈಫಸ್‌ಗೂ ನೋಡಬೇಕು. ಅವೆರಡಕ್ಕೂ ಆಂಟಿಬಯಾಟಿಕ್ ಇದೆ, ತಪ್ಪಿಸಿಕೊಂಡರೆ ನಷ್ಟ.

ಮಂಗನ ಕಾಯಿಲೆಗೆ ವೈರಸ್ ಕೊಲ್ಲುವ ಔಷಧಿ ಇಲ್ಲ. ನೀರಿನಂಶ ಕಾಯುವುದು, ರಕ್ತಸ್ರಾವ ನೋಡುವುದು, ಬಿಪಿ ಇಳಿಯದಂತೆ ನೋಡುವುದು, ಅಷ್ಟೇ. ಹೀಗೆ ನೋಡಿಕೊಂಡರೂ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಮನೆಯಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಲಿವರ್ ಮೊದಲೇ ಬಳಲಿರುವುದರಿಂದ ಅದನ್ನೂ ಗಂಟೆಗೊಂದು ನುಂಗಬಾರದು, ಎರಡು ಡೋಸ್ ನಡುವೆ 6 ಗಂಟೆ ಇರಲಿ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೇಡವೇ ಬೇಡ. "ಮೈಕೈ ನೋವಿಗೆ ಒಂದು ಇಂಜೆಕ್ಷನ್ ಹಾಕಿ" ಅಂತ ಕೇಳಿ ಹಾಕಿಸಿಕೊಳ್ಳುವುದು ಡೈಕ್ಲೋಫೆನಾಕ್. ಪ್ಲೇಟ್‌ಲೆಟ್ ಕುಸಿದಿರುವಾಗ ಸೊಂಟಕ್ಕೆ ಚುಚ್ಚಿದರೆ ಅಲ್ಲೇ ರಕ್ತ ಕಟ್ಟಿಕೊಳ್ಳುತ್ತದೆ.

ಜ್ವರ ಬಿಟ್ಟ ಮೇಲೆ ಮುಗಿಯಿತು ಅನ್ನಬೇಡಿ. ಶೇಕಡಾ 10ರಿಂದ 20 ಜನರಿಗೆ ಒಂದೆರಡು ವಾರ ಸುಮ್ಮನಿದ್ದು ಮೂರನೇ ವಾರ ಜ್ವರ ಮರಳುತ್ತದೆ. ಈ ಸಲ ಮಿದುಳಿನ ಕಡೆ: ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಮಾತು ಹಿಡಿತ ತಪ್ಪುವುದು. ಡಿಸ್ಚಾರ್ಜ್ ಆದವರ ಮನೆಯವರಿಗೆ ಈ ವಿಷಯ ಬರೆದುಕೊಡಬೇಕು.

ಸೀರಂ_ಟ್ಯೂಬ್:
"ಟೆಸ್ಟ್ ನೆಗೆಟಿವ್ ಬಂತು, ಆಮೇಲೆ ಪಾಸಿಟಿವ್ ಅಂದರು, ಲ್ಯಾಬ್‌ನವರಿಗೆ ಏನೂ ಗೊತ್ತಿಲ್ಲ" ಅನ್ನುವ ಬೈಗುಳ ಪ್ರತಿ ಸೀಸನ್ನಿನಲ್ಲೂ ಇರುತ್ತದೆ. ಕಾರಣ ಸಾಮಾನ್ಯವಾಗಿ ದಿನದ ಲೆಕ್ಕ.

ಜ್ವರ ಶುರುವಾದ ದಿನವನ್ನು 1 ಅಂತಿಟ್ಟುಕೊಳ್ಳಿ. ಮೊದಲ ನಾಲ್ಕೈದು ದಿನ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ಆರ್‌ಟಿ-ಪಿಸಿಆರ್ ಚೆನ್ನಾಗಿ ಹಿಡಿಯುತ್ತದೆ. ಐದನೇ ದಿನದ ಆಚೆ ಐಜಿಎಂ ಪ್ರತಿಕಾಯ ಏರತೊಡಗುತ್ತದೆ, ಆಗ ಅದನ್ನು ಹಿಡಿಯುವ ಎಲೈಸಾ ಪರೀಕ್ಷೆ. ಏಳು-ಎಂಟನೇ ದಿನ ತೆಗೆದ ರಕ್ತಕ್ಕೆ ಪಿಸಿಆರ್ ಒಂದನ್ನೇ ಮಾಡಿದರೆ ರೋಗ ಇದ್ದೂ ತಪ್ಪಿಹೋಗಬಹುದು. ಎರಡನೇ ದಿನದ ರಕ್ತಕ್ಕೆ ಎಲೈಸಾ ಮಾತ್ರ ಮಾಡಿದರೂ ಅಷ್ಟೇ. ನಡುವಿನ ದಿನಗಳಾದರೆ ಎರಡೂ ಮಾಡಬೇಕು. ಫಾರ್ಮಿನಲ್ಲಿ ರಕ್ತ ತೆಗೆದ ತಾರೀಕು ಎಲ್ಲರೂ ಬರೆಯುತ್ತಾರೆ, ಜ್ವರ ಶುರುವಾದ ತಾರೀಕಿನ ಜಾಗ ಖಾಲಿ. ಆ ಒಂದು ಕಾಲಂ ಇಲ್ಲದೆ ಯಾವ ಪರೀಕ್ಷೆ ಅಂತ ನಿರ್ಧರಿಸುವುದು ಹೇಗೆ?

ಎರಡನೇ ಶತ್ರು ಬಿಸಿ. ಸೀರಂ 2ರಿಂದ 8 ಡಿಗ್ರಿಯಲ್ಲಿ ಬರಬೇಕು. ಶನಿವಾರ ತೆಗೆದು, ಐಸ್‌ಪ್ಯಾಕ್ ಕರಗಿ, ಸೋಮವಾರ ಬಸ್ಸಿನಲ್ಲಿ ಬಂದ ಟ್ಯೂಬಿನಲ್ಲಿ ವೈರಸ್ಸಿನ ಆರ್‌ಎನ್‌ಎ ಚೂರಾಗಿರುತ್ತದೆ. ಐಸ್‌ಗೆ ನೇರ ತಾಗಿ ಇಡೀ ರಕ್ತ ಹೆಪ್ಪುಗಟ್ಟಿದರೂ ಕೆಂಪುಕಣ ಒಡೆದು ಮಾದರಿ ಹಾಳು. ಮತ್ತೆ, ಡೆಂಗಿ ಐಜಿಎಂ ದುರ್ಬಲ ಪಾಸಿಟಿವ್ ಬಂದ ಮಾತ್ರಕ್ಕೆ ಡೆಂಗಿ ಅಂತ ಮುದ್ರೆ ಒತ್ತಬೇಡಿ. ಎರಡೂ ಒಂದೇ ಕುಟುಂಬದ ವೈರಸ್, ಪ್ರತಿಕಾಯಗಳು ಒಮ್ಮೊಮ್ಮೆ ಮುಖ ಗುರುತಿಸುವುದರಲ್ಲಿ ಎಡವುತ್ತವೆ.

ಸೊಪ್ಪಿನಬೆಟ್ಟ:
ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರಿಗೆ ಅಂಟುತ್ತದಾ? ಹಾಲು ಕುಡಿಯಬಹುದಾ?

ವಾರ್ಡ್_ರೌಂಡ್ಸ್:
ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ತಟ್ಟೆ-ಲೋಟ ಬೇರೆ ಮಾಡಬೇಕಿಲ್ಲ. ಒಂದೇ ಮನೆಯ ಮೂವರಿಗೆ ಬಂದರೆ ಮೂವರೂ ಒಂದೇ ಬೆಟ್ಟಕ್ಕೆ ಹೋಗಿರುತ್ತಾರೆ ಅಷ್ಟೇ. ಹಾಲು ಕಾಯಿಸಿ ಕುಡಿಯಿರಿ, ಹೇಗೂ ಕಾಯಿಸಿಯೇ ಕುಡಿಯುತ್ತೇವಲ್ಲ.

ಕಾರವಾರ_ಗಡಿ:
ಲಸಿಕೆ ನಿಲ್ಲಿಸಿದ್ದೇ ತಪ್ಪು ಅಂತ ಒಂದು ಗುಂಪು, ಅದರಿಂದ ಏನೂ ಆಗುತ್ತಿರಲಿಲ್ಲ ಅಂತ ಇನ್ನೊಂದು ಗುಂಪು. ಯಾವುದು ಸರಿ?

ಸೀರಂ_ಟ್ಯೂಬ್:
ಎರಡರಲ್ಲೂ ಅರ್ಧರ್ಧ. ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್ನಿನಲ್ಲಿ ಕೊಂದ ಲಸಿಕೆ ಅದು, ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. 2005ರಿಂದ 2010ರ ಅಂಕಿ ನೋಡಿದ ಅಧ್ಯಯನದಲ್ಲಿ ಎರಡು ಡೋಸ್‌ಗೆ ಸಿಕ್ಕ ರಕ್ಷಣೆ ಶೇಕಡಾ 62.4, ಬೂಸ್ಟರ್ ಸೇರಿದರೆ 82.9. ಕಾಗದದಲ್ಲಿ ಪರವಾಗಿಲ್ಲ. ಆದರೆ ಸೂಜಿ ಉರಿ ತರುತ್ತಿತ್ತು, ಮೊದಲನೇ ಡೋಸ್‌ಗೆ ಬಂದವರು ಎರಡನೆಯದಕ್ಕೆ ಬರುತ್ತಿರಲಿಲ್ಲ, ಬೂಸ್ಟರ್ ತನಕ ಉಳಿದವರು ಬೆರಳೆಣಿಕೆ. ಜೊತೆಗೆ ಕಾಯಿಲೆ ಕಂಡ ಮೇಲೆ ಜನವರಿಯಲ್ಲಿ ಶಿಬಿರ ಹಾಕಿದರೆ ಎರಡನೇ ಡೋಸ್ ಕೆಲಸ ಮಾಡುವಷ್ಟರಲ್ಲಿ ಮಾರ್ಚ್ ಮುಗಿದಿರುತ್ತದೆ. ಕೊನೆಗೆ ಲಸಿಕೆಯ ಸಾಮರ್ಥ್ಯವೇ ಪರೀಕ್ಷೆಯಲ್ಲಿ ಕಡಿಮೆ ಬಂದು ನಿಂತಿತು.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಎರಡು ಡೋಸ್‌ನ ಹೊಸ ಲಸಿಕೆ ಮಾಡುತ್ತಿವೆ. ಇದೂ ನಿಷ್ಕ್ರಿಯ ವೈರಸ್ಸಿನದ್ದೇ, ಸ್ಪಂದನೆ ಹೆಚ್ಚಿಸುವ ಪದಾರ್ಥ ಸೇರಿಸಿದೆ. ಜೀವಂತ ವೈರಸ್ ಬೆಳೆಸುವುದಕ್ಕೆ ಅತಿ ಬಿಗಿಯಾದ ಲ್ಯಾಬ್ ಬೇಕು, ಹಿಂದೆ ಲ್ಯಾಬ್ ಸಿಬ್ಬಂದಿಗೇ ಸೋಂಕು ತಗುಲಿದ ದಾಖಲೆ ಇದೆ. ತಡವಾಗುವುದಕ್ಕೆ ಅದೂ ಒಂದು ಕಾರಣ. ಹೊಸದು ಬಂದರೂ ಕೊಡಬೇಕಾದ ತಿಂಗಳು ಜುಲೈ-ಆಗಸ್ಟ್. ಮಳೆಯಲ್ಲಿ ಶಿಬಿರಕ್ಕೆ ಜನ ಬರುವ ಹಾಗೆ ಮಾಡುವುದು ವಿಜ್ಞಾನಿಗಳ ಕೈಲಿಲ್ಲ.

ಸೊಪ್ಪಿನಬೆಟ್ಟ:
ಅಲ್ಲಿಯ ತನಕ ಬೆಟ್ಟದ ಕೆಲಸ. ದರಗು ಉದುರುವುದೇ ಡಿಸೆಂಬರ್‌ನಿಂದ ಮಾರ್ಚ್. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ ಅದಿಲ್ಲದೆ ಆಗುವುದಿಲ್ಲ.

ಪಶ್ಚಿಮಘಟ್ಟ:
ಮೊದಲು ಬೇಡಿಕೆ ಇಳಿಸಿ. ಅಡಿಕೆ ಸೋಗೆ ಕತ್ತರಿಸಿ ಹಾಸಿದರೆ ಅಷ್ಟು ದರಗು ಬೇಕಾಗುವುದಿಲ್ಲ. ಹೋಗಲೇಬೇಕಾದರೆ ಹೋಗುವ ಜಾಗ ಮೊದಲೇ ಪರೀಕ್ಷಿಸಿ: ಒಂದು ಮೀಟರ್ ಬಿಳಿ ಫ್ಲಾನೆಲ್ ಬಟ್ಟೆಗೆ ಒಂದು ತುದಿಯಲ್ಲಿ ಕೋಲು ಕಟ್ಟಿ, ದರಗಿನ ಮೇಲೆ ಹತ್ತು ಹೆಜ್ಜೆ ನಿಧಾನ ಎಳೆದು ತಿರುವಿ ನೋಡಿ. ಕಂದು ಚುಕ್ಕಿಗಳು ನಡೆಯುತ್ತಿದ್ದರೆ ಆ ಜಾಗ ಬಿಡಿ. ಏನೂ ಸಿಗಲಿಲ್ಲ ಅಂದರೆ ಉಣುಗೇ ಇಲ್ಲ ಅಂತಲ್ಲ, ಕಡಿಮೆ ಇರಬಹುದು ಅಂತಷ್ಟೇ.

ಕೂರುವುದು, ಊಟ ಮಾಡುವುದು ದರಗಿನ ಮೇಲೆ ಬೇಡ, ಬಂಡೆ ಹುಡುಕಿ. ಹೊರೆಯನ್ನು ಬರಿತಲೆಯ ಮೇಲೆ ಹೊತ್ತರೆ ನಿಂಫ್ ನೇರ ಕುತ್ತಿಗೆಗೆ ಇಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ. ತಂದದ್ದನ್ನು ಜಗಲಿ ಪಕ್ಕ ರಾಶಿ ಹಾಕದೆ, ಮನೆಯಿಂದ ದೂರ ಬಿಸಿಲಲ್ಲಿ ತೆಳುವಾಗಿ ಹರಡಿ. ಉಣುಗಿಗೆ ತೇವ ಬೇಕು, ಒಣ ಬಿಸಿಲು ಆಗುವುದಿಲ್ಲ.

ವಾರ್ಡ್_ರೌಂಡ್ಸ್:
ಉಣುಗು ಹತ್ತದ ಹಾಗೆ ಮೈಗೆ ಹಚ್ಚಲು ಹಂಚುವ ಡೆಪಾ ಎಣ್ಣೆಯ ಬಗ್ಗೆ: ಬೆಳಿಗ್ಗೆ ಹೊರಡುವಾಗ ಅಂಗೈಗೆ ಎರಡು ಹನಿ ಹಾಕಿ ಸವರಿದರೆ ಪ್ರಯೋಜನವಿಲ್ಲ. ಪಾದದಿಂದ ಮಂಡಿಯ ಮೇಲಿನ ತನಕ, ಮೊಣಕೈ, ಕುತ್ತಿಗೆ, ಸೊಂಟದ ಸುತ್ತ ಬಿಡುವಿಲ್ಲದೆ ಹಚ್ಚಬೇಕು. ಬೆವರಿಗೆ ಇಳಿದುಹೋಗುತ್ತದೆ, ಮಧ್ಯಾಹ್ನ ಮತ್ತೆ ಹಚ್ಚಿ. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ತಿಳಿಬಣ್ಣದ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದ ಒಳಗೆ. ದನಕ್ಕೆ ತಂದ ಔಷಧಿಯಲ್ಲಿ ನಿಮ್ಮ ಬಟ್ಟೆ ಅದ್ದಬೇಡಿ, ಅದು ಮನುಷ್ಯರ ಚರ್ಮಕ್ಕೆ ಮಾಡಿದ್ದಲ್ಲ.

ವಾಪಸ್ ಬಂದ ಕೂಡಲೇ ಬಟ್ಟೆ ಹೊರಗೇ ಕಳಚಿ ಬಚ್ಚಲ ಹಂಡೆಯ ಕುದಿನೀರಿಗೆ. ತಣ್ಣೀರಿನಲ್ಲಿ ನೆನೆಹಾಕಿದರೆ ಉಣುಗು ಸಾಯುವುದಿಲ್ಲ. ಸೋಪು ಹಚ್ಚಿ ಬಿಸಿನೀರಿನ ಸ್ನಾನ. ಮಂಡಿಯ ಹಿಂದೆ, ತೊಡೆಸಂದು, ಉಡಿದಾರದ ಕೆಳಗೆ, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ ಇಷ್ಟನ್ನೂ ಇನ್ನೊಬ್ಬರಿಂದ ನೋಡಿಸಿ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು ನೇರ ಮೇಲಕ್ಕೆ, ಒಂದೇ ಹದದಲ್ಲಿ ಎಳೆಯಿರಿ. ತಿರುಚಬೇಡಿ. ಸೀಮೆಎಣ್ಣೆ, ಸುಣ್ಣ, ಬೀಡಿಯ ಕೆಂಡ ಬೇಡ. ತೆಗೆದದ್ದನ್ನು ಉಗುರಲ್ಲಿ ಕುಕ್ಕಬೇಡಿ, ಬೆರಳಿನ ಗೀರಿಗೆ ಅದರ ರಸ ತಾಗಬಾರದು. ಸೋಪಿನ ನೀರಿಗೋ ಒಲೆಗೋ ಹಾಕಿ. ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹತ್ತು ದಿನದೊಳಗೆ ಜ್ವರ ಬಂದರೆ ಪಿಎಚ್‌ಸಿಯಲ್ಲಿ ಮೊದಲು ಹೇಳಬೇಕಾದ ಮಾತು ಅದೇ.

ಕಾರವಾರ_ಗಡಿ:
ಸತ್ತ ಮಂಗ ಕಂಡರೆ ಊರವರು ಹೂಳುವುದು, ಪೂಜೆ ಮಾಡಿ ಸುಡುವುದು ಮಾಡುತ್ತಾರೆ. ಆಂಜನೇಯ ಅಂತ ಭಕ್ತಿ, ತಡೆದರೆ ಬೇಸರ ಮಾಡಿಕೊಳ್ಳುತ್ತಾರೆ.

ಕೊಟ್ಟಿಗೆ_ಡಾಕ್ಟರ್:
ಭಕ್ತಿ ದೂರದಿಂದ ಇರಲಿ. ಮಂಗದ ಮೈ ತಣ್ಣಗಾದ ಮೇಲೆ ಉಣುಗುಗಳು ಇಳಿದು ಸುತ್ತಲ ದರಗಿಗೆ ಸೇರುತ್ತವೆ. ಹೊತ್ತುಕೊಂಡು ಹೋದವರ ತೋಳಿಗೆ ಅವು ಹತ್ತುವುದಕ್ಕೆ ಎಷ್ಟು ಹೊತ್ತು? ಮುಟ್ಟದೆ, ಜಾಗಕ್ಕೆ ಗುರುತಾಗಿ ದೂರದಲ್ಲೊಂದು ಬಟ್ಟೆ ಕಟ್ಟಿ, ಆಶಾ ಕಾರ್ಯಕರ್ತೆಗೋ ಅರಣ್ಯ ಗಾರ್ಡಿಗೋ ತಿಳಿಸಿ. ಕೊಳೆಯುವ ಮುಂಚೆ ಬಂದರೆ ಮಾತ್ರ ಪೋಸ್ಟ್‌ಮಾರ್ಟಂ ಮಾದರಿಗೆ ಅರ್ಥ ಇದೆ, ಹಾಗಾಗಿ ಅದೇ ದಿನ ಫೋನ್ ಮಾಡಿ. ಶವ ಸುಟ್ಟ ಮೇಲೆ ಸುತ್ತ ಮೆಲಾಥಿಯಾನ್ ಕೀಟನಾಶಕ ಪುಡಿ ಹಾಕುತ್ತಾರೆ. ಹಾಕಿಲ್ಲ ಅಂದರೆ ಕೇಳಿ ಹಾಕಿಸಿ. ಆ ಸೀಸನ್ ಮುಗಿಯುವ ತನಕ ಅತ್ತ ದನ ಬಿಡಬೇಡಿ, ದರಗು ತರಬೇಡಿ.

ಸೊಪ್ಪಿನಬೆಟ್ಟ:
ಡೇರಿ ಸಂಘದ ಮುಂದಿನ ಸಭೆಗೆ ಫ್ಲೂಮೆಥ್ರಿನ್ ವಿಷಯ ಇಡುತ್ತೇನೆ. ಊರಲ್ಲಿ ಮೇಯುವ ದನ 140ರ ಹತ್ತಿರ, ಬಹುತೇಕ ಗಿಡ್ಡ. ಸರಾಸರಿ 120 ಕಿಲೋ ಹಿಡಿದರೆ ಒಂದು ಸುತ್ತಿಗೆ ಸುಮಾರು 1,700 ಮಿಲಿ ಆಗುತ್ತದೆ. ಲೆಕ್ಕ ಸರಿಯಾ ಡಾಕ್ಟ್ರೇ?

ಕೊಟ್ಟಿಗೆ_ಡಾಕ್ಟರ್:
ದನಕ್ಕೆ 12 ಮಿಲಿ, 140ಕ್ಕೆ 1,680. ಸರಿ ಇದೆ. ಚೆಲ್ಲುವುದಕ್ಕೆ ಸೇರಿಸಿ ಎರಡು ಲೀಟರ್ ತರಿಸಿ, ಮೇ ಕೊನೆಯ ವಾರ ಕೈಗೆ ಬಂದಿರಲಿ. ಬಿಡಾಡಿ ದನಗಳನ್ನೂ ಎಣಿಸಿದ್ದೀರಾ?

ಸೊಪ್ಪಿನಬೆಟ್ಟ:
ಇಲ್ಲ. ನಾಳೆ ಎಣಿಸುತ್ತೇವೆ.